ನಂಬಿದ್ದು ಮನುಷ್ಯನನ್ನು, ಸಹಿ ಹಾಕಿದ್ದು ಕಂಪನಿಯ ಜೊತೆ

2011ರ ಆಷಾಢದ ಒಂದು ಮಧ್ಯಾಹ್ನ ನಮ್ಮ ಡೆಲಿವರಿ ಹುಡುಗ ಮಾಲು ಸಮೇತ ವಾಪಸ್ ಬಂದ. ಪೀಣ್ಯ ಎರಡನೇ ಹಂತದ ನಮ್ಮ ಶೆಡ್ಡಿನಿಂದ ಅವನು ಬೆಳಿಗ್ಗೆ ಟೆಂಪೋದಲ್ಲಿ ಒಯ್ದಿದ್ದು 400 ಪಂಪ್ ಶಾಫ್ಟುಗಳನ್ನು. “ಅಕ್ಕಾ, ಗೇಟಲ್ಲಿ ಇಳಿಸಿಕೊಳ್ಳಲಿಲ್ಲ. ಕಂಪನಿ ಮಾರಿಬಿಟ್ಟಿದ್ದಾರಂತೆ. ಹೊಸಬರು ಹೇಳೋವರೆಗೂ ಮಾಲು ಬೇಡ ಅಂದ್ರು” ಎಂದು ಚಲನ್ ಪುಸ್ತಕವನ್ನು ಮೇಜಿನ ಮೇಲಿಟ್ಟ. ಪಡೆದವರ ಸಹಿ ಇರಬೇಕಾದ ಜಾಗ ಖಾಲಿಯಿತ್ತು.

ಆ ಪಂಪ್ ಕಂಪನಿಯ ಜೊತೆ ನಮ್ಮದು ಹನ್ನೆರಡು ವರ್ಷದ ವ್ಯವಹಾರ. ಅದನ್ನು ಕಟ್ಟಿ ಬೆಳೆಸಿದ ಹಿರಿಯರನ್ನು ಕಾರ್ಖಾನೆಯಲ್ಲಿ ಎಲ್ಲರೂ ‘ದೊಡ್ಡವರು’ ಎನ್ನುತ್ತಿದ್ದರು. 2004ರಲ್ಲಿ ನನ್ನವರು ತೀರಿಕೊಂಡಾಗ ಎರಡು ಲೇತ್, ಒಂದು ಡ್ರಿಲ್ಲಿಂಗ್ ಮೆಷಿನ್, ಆರು ಜನ ಕೆಲಸಗಾರರು ನನ್ನ ಮೇಲೆ ಬಿದ್ದರು. ಶೆಡ್ಡು ಮಾರಿಬಿಡಿ ಎಂದು ನೆಂಟರೆಲ್ಲ ಹೇಳುತ್ತಿದ್ದ ದಿನಗಳಲ್ಲಿ ದೊಡ್ಡವರು ಹದಿಮೂರನೇ ದಿನಕ್ಕೆ ಮನೆಗೆ ಬಂದು, “ನೀವು ನಡೆಸಮ್ಮ, ಆರ್ಡರ್ ನಾನು ಕೊಡ್ತೀನಿ” ಎಂದರು. ಕೊಟ್ಟರು ಕೂಡ. ಅದೇ ಮಾತಿನ ಬಲದ ಮೇಲೆ 2009ರಲ್ಲಿ 28 ಲಕ್ಷ ಸಾಲ ಮಾಡಿ ಸಿಎನ್‌ಸಿ ಮೆಷಿನ್ ಹಾಕಿಸಿದೆ. ತಿಂಗಳಿಗೆ 62,000 ರೂಪಾಯಿಯಷ್ಟು ಕಂತು. ಹೊಸ ಮೆಷಿನ್ನು ಕೊರೆಯುತ್ತಿದ್ದ ಶಾಫ್ಟುಗಳಲ್ಲಿ ಮುಕ್ಕಾಲು ಪಾಲು ಅವರ ಕಂಪನಿಗೇ ಹೋಗುತ್ತಿತ್ತು.

ದೊಡ್ಡವರಿಗೆ ವಯಸ್ಸಾಗಿತ್ತು, ಮಕ್ಕಳಿಬ್ಬರೂ ಅಮೆರಿಕದಲ್ಲಿ ನೆಲೆಸಿದ್ದರು. ಕಂಪನಿ ಮಾರಿದ್ದರಲ್ಲಿ ಅವರ ತಪ್ಪೇನೂ ಇರಲಿಲ್ಲ. ತಪ್ಪು ಇದ್ದದ್ದು ನನ್ನ ಫೈಲಿನಲ್ಲಿ.

ಕರಾರು ಯಾರ ಜೊತೆ?

ಫೈಲ್ ಹಿಡಿದುಕೊಂಡು ಮಲ್ಲೇಶ್ವರದಲ್ಲಿದ್ದ ಹಿರಿಯ ವಕೀಲರೊಬ್ಬರ ಮನೆಗೆ ಹೋದೆ. ಅದರಲ್ಲಿ ಮೂರು ಪುಟದ ರೇಟ್ ಕಾಂಟ್ರಾಕ್ಟ್ ಇತ್ತು: ಬೆಲೆ, ಗುಣಮಟ್ಟ, ಸಾಗಣೆ, ರಿಜೆಕ್ಷನ್ ಆದರೆ ಯಾರು ಭರಿಸಬೇಕು, ಎಲ್ಲವೂ. ಕೊನೆಯಲ್ಲಿ ಒಂದು ಸಾಲು: ಯಾವ ಪಕ್ಷದವರಾದರೂ ಮೂವತ್ತು ದಿನದ ನೋಟಿಸು ಕೊಟ್ಟು ಕರಾರು ಮುಗಿಸಬಹುದು.

ವಕೀಲರು ಕನ್ನಡಕ ತೆಗೆದು ಕೇಳಿದರು, “ನಿಮ್ಮ ಕರಾರು ಯಾರ ಜೊತೆ ಆಗಿದೆಯಮ್ಮ?”

“ದೊಡ್ಡವರ ಜೊತೆ ಸಾರ್.”

“ಅಲ್ಲ. ಇಲ್ಲಿ ನೋಡಿ, ಪ್ರೈವೇಟ್ ಲಿಮಿಟೆಡ್ ಕಂಪನಿಯ ಜೊತೆ. ಅದು ಎಲ್ಲಿಗೂ ಹೋಗಿಲ್ಲ. ಅದೇ ಹೆಸರು, ಅದೇ ಪ್ಯಾನ್ ನಂಬರು, ಅದೇ ಗೇಟು. ಒಳಗೆ ಕೂತವರು ಮಾತ್ರ ಬೇರೆ. ಕಾನೂನಿನ ಕಣ್ಣಿಗೆ ನಿಮ್ಮ ಗಿರಾಕಿ ಬದಲಾಗೇ ಇಲ್ಲ.”

ಆ ಸಂಜೆ ನನಗೆ ಅರ್ಥವಾಗಿದ್ದನ್ನೇ ಇಂದು ಈ ಲೇಖನದಲ್ಲಿ ಹೇಳಲು ಹೊರಟಿದ್ದೇನೆ. ಸಣ್ಣ ವ್ಯವಹಾರಸ್ಥರು ನಂಬುವುದು ಮನುಷ್ಯನನ್ನು, ಸಹಿ ಹಾಕುವುದು ಕಂಪನಿಯ ಜೊತೆ. ಮನುಷ್ಯ ಎದ್ದು ಹೋದರೂ ಕಂಪನಿ ಕೂತೇ ಇರುತ್ತದೆ. ಆ ಮನುಷ್ಯನ ಮೇಲೆ ನಮಗಿರುವ ನಂಬಿಕೆಗೆ ಬೆಲೆ ಸಿಗಬೇಕಾದರೆ ಅದು ಕಾಗದದ ಮೇಲೆ ಇರಬೇಕು.

ಕಂಪನಿ ಬೇರೆ, ಅದರ ಒಡೆಯರು ಬೇರೆ ಎನ್ನುವುದು ಹಳೆಯ ತತ್ವ. ಚಹಾ ಕಂಪನಿಗಳ ಷೇರುದಾರರೊಬ್ಬರ ತೆರಿಗೆ ಪ್ರಕರಣದಲ್ಲಿ 1954ರಲ್ಲೇ ನಮ್ಮ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು: ಷೇರು ಕೊಂಡವನಿಗೆ ಲಾಭಾಂಶದ ಹಕ್ಕಿದೆ, ಆದರೆ ಕಂಪನಿಯ ಆಸ್ತಿಗೆ ಅವನು ಒಡೆಯನಲ್ಲ. ಆದ್ದರಿಂದ ಷೇರುಗಳೆಲ್ಲ ಒಂದೇ ದಿನ ಬೇರೆಯವರ ಕೈಗೆ ಹೋದರೂ ಕಂಪನಿ ಮಾಡಿಕೊಂಡ ಕರಾರುಗಳು ಇದ್ದ ಹಾಗೇ ಮುಂದುವರಿಯುತ್ತವೆ. ನಮ್ಮ ರಕ್ಷಣೆಯೂ ಇದರಲ್ಲೇ ಇದೆ, ಅಪಾಯವೂ ಇದರಲ್ಲೇ ಇದೆ. ಹಳೆ ಬಾಕಿಯನ್ನು ಹೊಸಬರು ‘ನಮಗೆ ಗೊತ್ತಿಲ್ಲ’ ಎನ್ನುವಂತಿಲ್ಲ, ಕಂಪನಿ ಕೊಡಲೇಬೇಕು. ಆದರೆ ಮೂವತ್ತು ದಿನದ ನೋಟಿಸಿನ ಸಾಲೂ ಹಾಗೇ ಮುಂದುವರಿಯುತ್ತದೆ. ದೊಡ್ಡವರು ಹನ್ನೆರಡು ವರ್ಷ ಮುಟ್ಟದೇ ಇದ್ದ ಆ ಸಾಲನ್ನು ಹೊಸಬರು ಹನ್ನೆರಡನೇ ದಿನಕ್ಕೆ ಬಳಸಿದರು. ಅವರ ಗುಂಪಿಗೇ ಸೇರಿದ ಶಾಫ್ಟ್ ಕಾರ್ಖಾನೆ ಇನ್ನೊಂದು ರಾಜ್ಯದಲ್ಲಿತ್ತು.

ಅದಕ್ಕಿಂತ ಹೆಚ್ಚು ನೋಯಿಸಿದ್ದು ಇನ್ನೊಂದು ಸಂಗತಿ. ಉದ್ದದ ಶಾಫ್ಟು ಬಾಗದ ಹಾಗೆ ಹಿಡಿಯುವ ಒಂದು ಫಿಕ್ಸ್‌ಚರನ್ನು ನನ್ನವರು ರಾತ್ರಿಗಟ್ಟಲೆ ಕೂತು ಮಾಡಿದ್ದರು. ಅದರ ಡ್ರಾಯಿಂಗನ್ನು ವಿಶ್ವಾಸದ ಮೇಲೆ ಕಂಪನಿಗೆ ಕೊಟ್ಟಿದ್ದೆವು. ಅದೂ ಆ ಹೊಸ ಕಾರ್ಖಾನೆಗೆ ಹೋಯಿತು. ಕೊಡಬಾರದು ಎಂದು ನಮ್ಮ ಕರಾರಿನಲ್ಲಿ ಎಲ್ಲೂ ಬರೆದಿರಲಿಲ್ಲ.

ಒಡೆತನ ಬದಲಾಗುವ ಮೂರು ದಾರಿ

‘ಕಂಪನಿ ಮಾರಿದರು’ ಎಂದು ಜನ ಹೇಳುವುದು ಒಂದೇ ಮಾತು, ಆದರೆ ಕಾನೂನಿನಲ್ಲಿ ಅದಕ್ಕೆ ಮೂರು ದಾರಿಗಳಿವೆ. ಯಾವ ದಾರಿ ಎಂದು ಮೊದಲು ತಿಳಿದುಕೊಳ್ಳಬೇಕು.

ಮೊದಲನೆಯದು ಷೇರು ಮಾರಾಟ, ನನ್ನ ವಿಷಯದಲ್ಲಿ ಆದದ್ದು. ನಮ್ಮೂರಿನವರಿಗೆಲ್ಲ ಗೊತ್ತಿರುವ ಉದಾಹರಣೆ ಎಂಟಿಆರ್. 2007ರಲ್ಲಿ ಎಂಟಿಆರ್ ಫುಡ್ಸ್ ನಾರ್ವೆಯ ಓರ್ಕ್ಲಾ ಸಂಸ್ಥೆಯ ಪಾಲಾಯಿತು. ಲಾಲ್‌ಬಾಗ್ ರಸ್ತೆಯ ಹೋಟೆಲು ಮಯ್ಯ ಕುಟುಂಬದಲ್ಲೇ ಉಳಿಯಿತು. ಅಂಗಡಿಯಲ್ಲಿ ಕೊಳ್ಳುವ ಪುಳಿಯೋಗರೆ ಪುಡಿಯ ಪೊಟ್ಟಣದ ಮೇಲೂ ಹೋಟೆಲಿನ ಬೋರ್ಡಿನ ಮೇಲೂ ಅದೇ ಮೂರಕ್ಷರ, ಒಡೆಯರು ಬೇರೆ ಬೇರೆ. ಹೆಸರು ನೋಡಿ ಒಡೆತನ ತಿಳಿಯುವುದಿಲ್ಲ.

ಎರಡನೆಯದು ವ್ಯಾಪಾರವನ್ನೇ ಮಾರುವುದು. ಮೆಷಿನ್ನು, ಸ್ಟಾಕು, ಬ್ರಾಂಡು, ಗಿರಾಕಿಗಳು ಎಲ್ಲವೂ ಬೇರೆ ಕಂಪನಿಗೆ ಹೋಗುತ್ತವೆ, ಹಳೆ ಕಂಪನಿ ಖಾಲಿ ಡಬ್ಬದಂತೆ ಹಿಂದೆ ಉಳಿಯುತ್ತದೆ. ಇಲ್ಲಿ ಕರಾರು ತಾನಾಗಿ ಹೊಸಬರಿಗೆ ದಾಟುವುದಿಲ್ಲ. ಸೆಣಬಿನ ವ್ಯಾಪಾರದ ಖಾರ್ದಾ ಕಂಪನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ ಪ್ರಕಾರ, ಕರಾರಿನಿಂದ ಬರುವ ಹಕ್ಕನ್ನು ಸಾಮಾನ್ಯವಾಗಿ ಇನ್ನೊಬ್ಬರಿಗೆ ಬರೆದುಕೊಡಬಹುದು, ಆದರೆ ಕರಾರಿನ ಹೊಣೆಯನ್ನು ಎದುರಿನವರ ಒಪ್ಪಿಗೆ ಇಲ್ಲದೆ ಇನ್ನೊಬ್ಬರ ಹೆಗಲಿಗೆ ದಾಟಿಸುವ ಹಾಗಿಲ್ಲ. ಹೊಸ ಕಂಪನಿ ಹಳೆಯದರ ಜಾಗದಲ್ಲಿ ನಿಲ್ಲಬೇಕಾದರೆ ಮೂವರೂ ಒಪ್ಪಬೇಕು. 1872ರ ಭಾರತೀಯ ಕರಾರು ಕಾಯ್ದೆಯ 62ನೇ ಕಲಮು ಇದಕ್ಕೆ ದಾರಿ ಮಾಡುತ್ತದೆ.

ಈ ಎರಡನೇ ದಾರಿಯಲ್ಲಿ ದೊಡ್ಡ ಅಪಾಯ ಹಳೆ ಬಾಕಿಯದು. ಬಾಕಿ ಖಾಲಿ ಡಬ್ಬದೊಳಗೇ ಉಳಿದುಬಿಡಬಹುದು. ಪೀಣ್ಯದ ಗೆಳೆಯರಿಗೆ ನಾನು ಹೇಳುವ ಗುರುತು ಸುಲಭದ್ದು: “ಮುಂದಿನ ತಿಂಗಳಿಂದ ಬಿಲ್ಲು ಈ ಹೊಸ ಜಿಎಸ್‌ಟಿ ನಂಬರಿಗೆ ಹಾಕಿ” ಎಂದು ಮೇಲ್ ಬಂದರೆ ಎಚ್ಚರಾಗಿ. ಜಿಎಸ್‌ಟಿ ನಂಬರಿನ ನಡುವೆ ಇರುವ ಪ್ಯಾನ್ ನಂಬರು ಬದಲಾಗಿದ್ದರೆ ನಿಮ್ಮ ಗಿರಾಕಿಯೇ ಬದಲಾಗಿದ್ದಾನೆ. ಹೊಸ ಹೆಸರಿಗೆ ಮೊದಲ ಬಿಲ್ಲು ಹಾಕುವ ಮುಂಚೆ, ಹಳೆ ಬಾಕಿ ಯಾರು ಯಾವಾಗ ಕೊಡುತ್ತಾರೆ ಎಂದು ಬರಹದಲ್ಲಿ ಪಡೆಯಿರಿ.

ಮೂರನೆಯದು ವಿಲೀನ. ವಿಜಯಾ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡಾದಲ್ಲಿ, ಸಿಂಡಿಕೇಟ್ ಬ್ಯಾಂಕು ಮರುವರ್ಷ ಅದೇ ದಿನ ಕೆನರಾ ಬ್ಯಾಂಕಿನಲ್ಲಿ ಸೇರಿಕೊಂಡಾಗ ಯಾವ ಸಾಲಗಾರನನ್ನೂ ಕರೆದು ‘ಒಪ್ಪಿಗೆಯೇ?’ ಎಂದು ಕೇಳಲಿಲ್ಲ. ಸಾಲ, ಠೇವಣಿ, ಅಡಮಾನ ಎಲ್ಲವೂ ಸರ್ಕಾರಿ ಆದೇಶದಿಂದಲೇ ದಾಟಿದವು. ಸಾಮಾನ್ಯ ಕಂಪನಿಗಳ ವಿಲೀನದಲ್ಲೂ ಕಂಪನಿ ನ್ಯಾಯಮಂಡಳಿಯ ಆದೇಶದ ಮೂಲಕ ಆಸ್ತಿ, ಸಾಲ, ಹೊಣೆಗಳು ಹೊಸ ಕಂಪನಿಗೆ ಹೋಗುತ್ತವೆ.

ಹಾಗೆಂದು ವಿಲೀನದ ಆದೇಶ ಎಲ್ಲ ಷರತ್ತುಗಳನ್ನೂ ಅಳಿಸಿಹಾಕುತ್ತದೆ ಎಂದು ತಿಳಿಯಬಾರದು. ಆಂಧ್ರದ ಬಾಡಿಗೆ ಕಾಯ್ದೆಯಡಿ ನಡೆದ ಜನರಲ್ ರೇಡಿಯೋ ಪ್ರಕರಣ ಇದಕ್ಕೆ ಸಾಕ್ಷಿ. ಬಾಡಿಗೆಗಿದ್ದ ಕಂಪನಿಯೊಂದು ಹೈಕೋರ್ಟ್ ಆದೇಶದ ಪ್ರಕಾರವೇ ಇನ್ನೊಂದರಲ್ಲಿ ವಿಲೀನವಾಯಿತು. ‘ನನ್ನ ಲಿಖಿತ ಒಪ್ಪಿಗೆ ಇಲ್ಲದೆ ಬಾಡಿಗೆ ಹಕ್ಕು ಬೇರೆಯವರಿಗೆ ಹೋಗಿದೆ, ಖಾಲಿ ಮಾಡಿಸಿ’ ಎಂದು ಮಾಲೀಕರು ಕೋರ್ಟಿಗೆ ಹೋದರು. 1986ರಲ್ಲಿ ಸುಪ್ರೀಂ ಕೋರ್ಟ್ ಮಾಲೀಕರ ಪರವಾಗಿ ತೀರ್ಪು ಕೊಟ್ಟಿತು. ಒಪ್ಪಿಗೆ ಬೇಕು ಎಂಬ ಒಂದು ಷರತ್ತು ಆ ಮಾಲೀಕರ ಕೈ ಹಿಡಿಯಿತು.

ಪಾಲುದಾರಿಕೆ ಸಂಸ್ಥೆಗಳಿಗೆ 1932ರ ಕಾಯ್ದೆ ಬೇರೆಯೇ ಇದೆ. ಎಲ್ಲ ಪಾಲುದಾರರು ಒಪ್ಪದೆ ಹೊಸಬರನ್ನು ಒಳಗೆ ತರುವಂತಿಲ್ಲ. ಬೇರೆ ಒಪ್ಪಂದ ಇಲ್ಲದಿದ್ದರೆ ಒಬ್ಬ ಪಾಲುದಾರ ತೀರಿಕೊಂಡ ದಿನವೇ ಸಂಸ್ಥೆ ವಿಸರ್ಜನೆಯಾಗುತ್ತದೆ. ನಿಮ್ಮ ಗಿರಾಕಿ ಪಾಲುದಾರಿಕೆ ಸಂಸ್ಥೆಯಾಗಿದ್ದರೆ, ಪಾಲುದಾರರು ಬದಲಾದರೆ ತಿಳಿಸಬೇಕು ಎಂಬ ಸಾಲು ನಿಮ್ಮ ಕರಾರಿನಲ್ಲಿ ಇರಲಿ.

ಕಾಗದದಲ್ಲಿ ಏನು ಬರೆಯಬೇಕು?

ಆ ಪಂಪ್ ಕಂಪನಿಯಿಂದ ನನಗೆ 6.4 ಲಕ್ಷ ಬಾಕಿ ಬರಬೇಕಿತ್ತು. ವಕೀಲರು 2006ರ ಸಣ್ಣ ಉದ್ಯಮಗಳ ಕಾಯ್ದೆ ತೋರಿಸಿ ಒಂದು ರಿಜಿಸ್ಟರ್ಡ್ ಪತ್ರ ಬರೆಸಿದರು. ನೋಂದಾಯಿತ ಸಣ್ಣ ಘಟಕದಿಂದ ಮಾಲು ಕೊಂಡವರು 45 ದಿನ ಮೀರಿಸಿದರೆ, ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿಯನ್ನು ತಿಂಗಳ ಚಕ್ರಬಡ್ಡಿಯಾಗಿ ಕೊಡಬೇಕೆಂದು ಆ ಕಾಯ್ದೆ ಹೇಳುತ್ತದೆ. ಐದನೇ ತಿಂಗಳಿಗೆ ಬಾಕಿ ಬಂತು. ಆರ್ಡರು ಬರಲಿಲ್ಲ. ಕಂತು ಕಟ್ಟಲು ಬಳೆ, ಸರ ಅಡವಿಟ್ಟೆ. ಇಬ್ಬರು ಕೆಲಸಗಾರರನ್ನು ಕಳಿಸಬೇಕಾಯಿತು. ಅವರಲ್ಲೊಬ್ಬ ನನ್ನವರ ಕಾಲದಿಂದ ಇದ್ದವನು.

2017ರಲ್ಲಿ ಒಂದು ವಾಲ್ವ್ ಕಂಪನಿಯ ಆರ್ಡರು ಬಂದಾಗ, ಕರಾರಿನಲ್ಲಿ ಬೇಕಾದ ಷರತ್ತುಗಳನ್ನು ನಾನು ಮೊದಲೇ ಕೂತು ಬರೆದುಕೊಂಡಿದ್ದೆ. ಪರ್ಚೇಸ್ ಮ್ಯಾನೇಜರು, “ಇದೆಲ್ಲ ಯಾಕೆ ಮೇಡಂ, ನಮ್ಮ ಎಂಡಿ ಕಂಪನಿ ಮಾರೋದೇ ಇಲ್ಲ” ಎಂದರು. ಎರಡು ವರ್ಷದ ನಂತರ ಇಡೀ ಬೆಂಗಳೂರು ನೋಡಿದ, ಐಟಿ ಕಂಪನಿ ಮೈಂಡ್‌ಟ್ರೀಯ ಪ್ರಕರಣ ಆ ಮಾತಿಗೆ ಸರಿಯಾದ ಉತ್ತರ ಕೊಟ್ಟಿತು. 2019ರ ಮಾರ್ಚಿನಲ್ಲಿ ಕಾಫಿ ಡೇಯ ಸಿದ್ಧಾರ್ಥ ಅವರ ಕಡೆಯ ಶೇಕಡಾ 20ರಷ್ಟು ಪಾಲನ್ನು ಎಲ್ ಅಂಡ್ ಟಿ ಕೊಳ್ಳಲು ಒಪ್ಪಂದ ಮಾಡಿಕೊಂಡಿತು. ಕಂಪನಿ ಕಟ್ಟಿದ ಸ್ಥಾಪಕರು ಬಹಿರಂಗವಾಗಿಯೇ ವಿರೋಧಿಸಿದರು. ಅವರ ಪಾಲು ಇದ್ದದ್ದು ಶೇಕಡಾ 13ರ ಆಸುಪಾಸು. ಕೆಲವೇ ತಿಂಗಳಲ್ಲಿ ಎಲ್ ಅಂಡ್ ಟಿ ಪಾಲು ಶೇಕಡಾ 60ಕ್ಕೆ ಏರಿತು, 2022ರಲ್ಲಿ ಮೈಂಡ್‌ಟ್ರೀ ಇನ್ನೊಂದು ಕಂಪನಿಯೊಡನೆ ಸೇರಿಹೋಯಿತು. ನಡೆಸುವವರಿಗೆ ಇಷ್ಟವಿಲ್ಲದಿದ್ದರೂ ಕಂಪನಿ ಕೈ ಬದಲಾಯಿಸಬಹುದು. ಎಂಡಿಯ ಮಾತು ಎಷ್ಟೇ ಪ್ರಾಮಾಣಿಕವಾಗಿದ್ದರೂ ಅದು ಕರಾರಲ್ಲ.

ಮೊದಲು ಬರೆಯಬೇಕಾದದ್ದು, ಒಡೆತನ ಬದಲಾಗುವುದು ಎಂದರೇನು ಎಂಬುದನ್ನು. ‘ಕಂಪನಿ ಮಾರಿದರೆ’ ಎಂದಷ್ಟೇ ಬರೆದರೆ ಷೇರು ಮಾರಾಟ ಅದರಲ್ಲಿ ಬರುತ್ತದೆಯೋ ಇಲ್ಲವೋ ಎಂದೇ ವಾದ ಹುಟ್ಟುತ್ತದೆ. 2013ರ ಕಂಪನಿ ಕಾಯ್ದೆ ಹತೋಟಿಯನ್ನು ಷೇರಿನ ಲೆಕ್ಕದಿಂದಷ್ಟೇ ಅಳೆಯುವುದಿಲ್ಲ. ನಿರ್ದೇಶಕರಲ್ಲಿ ಹೆಚ್ಚಿನವರನ್ನು ನೇಮಿಸುವ ಹಕ್ಕು, ಆಡಳಿತವನ್ನು ಇಲ್ಲವೇ ನೀತಿಯನ್ನು ನಿರ್ಧರಿಸುವ ಹಕ್ಕು ಯಾರಿಗಿದೆ ಎಂದು ನೋಡುತ್ತದೆ. ನಾನೂ ಹಾಗೇ ಬರೆಸಿದೆ: “ಕಂಪನಿಯ ಅಥವಾ ಅದರ ಮಾತೃಸಂಸ್ಥೆಯ ಅರ್ಧಕ್ಕಿಂತ ಹೆಚ್ಚು ಷೇರು ಬೇರೆಯವರಿಗೆ ಹೋದರೆ, ಅಥವಾ ನಿರ್ದೇಶಕರಲ್ಲಿ ಹೆಚ್ಚಿನವರನ್ನು ನೇಮಿಸುವ ಅಧಿಕಾರ ಕೈ ಬದಲಾದರೆ, ಅಥವಾ ಈ ವ್ಯಾಪಾರವನ್ನೇ ಬೇರೆ ಸಂಸ್ಥೆಗೆ ವಹಿಸಿದರೆ.” ‘ಮಾತೃಸಂಸ್ಥೆ’ ಎಂಬ ಪದ ಮರೆಯಬಾರದು. ಕೆಳಗಿನ ಕಂಪನಿ ಹಾಗೇ ಇದ್ದು, ಮೇಲಿನದು ಮಾತ್ರ ಮಾರಾಟವಾಗಬಹುದು.

ಎರಡನೆಯದು ಸೂಚನೆ. ಮೂರು ತಿಂಗಳ ಮೊದಲೇ ತಿಳಿಸಬೇಕು ಎಂದು ಕೇಳಿದರೆ ಯಾವ ಕಂಪನಿಯೂ ಒಪ್ಪುವುದಿಲ್ಲ; ವ್ಯವಹಾರ ಕುದುರುವವರೆಗೂ ಅದು ಗುಟ್ಟಾಗಿರುತ್ತದೆ. ನಾನು ಕೇಳಿದ್ದು, ಕೈ ಬದಲಾದ ಹದಿನೈದು ದಿನದೊಳಗೆ ಲಿಖಿತ ಪತ್ರ.

ಮೂರನೆಯದು, ತಿಳಿದ ಮೇಲೆ ನಮಗೇನು ಹಕ್ಕು? ದೊಡ್ಡ ಕಂಪನಿಗಳು ಇಲ್ಲಿ ‘ನಮ್ಮ ಪೂರ್ವ ಒಪ್ಪಿಗೆ ಬೇಕು’ ಎಂದು ಬರೆಸುತ್ತವೆ. ನಮ್ಮಂಥವರಿಗೆ ಅಷ್ಟು ಬಲವಿಲ್ಲ. ಕಂಪನಿಯ ಮಾರಾಟವನ್ನೇ ತಡೆಯುವ ಹಕ್ಕನ್ನು ಆರು ಲೇತ್ ಇರುವ ಶೆಡ್ಡಿಗೆ ಯಾರೂ ಕೊಡುವುದಿಲ್ಲ. ನಾವು ಕೇಳಬೇಕಾದದ್ದು ಹೊರಬರುವ ಹಕ್ಕು ಮತ್ತು ನಿಭಾಯಿಸಿಕೊಳ್ಳಲು ಸಮಯ. ವಾಲ್ವ್ ಕಂಪನಿಯೊಡನೆ ಎರಡು ವಾರ ಚೌಕಾಸಿ ಮಾಡಿ ಇಷ್ಟು ಪಡೆದೆ: ಕೈ ಬದಲಾದ ಒಂದು ವರ್ಷದೊಳಗೆ ಕರಾರು ನಿಲ್ಲಿಸಿದರೆ ಆರು ತಿಂಗಳ ಸರಾಸರಿ ಆರ್ಡರನ್ನು ಹಳೆ ದರದಲ್ಲೇ ಕೊಡಬೇಕು, ಇಲ್ಲವೇ ಅದಕ್ಕೆ ನಿಗದಿಯಾದ ಮೊತ್ತ ಕೊಡಬೇಕು. ತಂದಿಟ್ಟ ಕಬ್ಬಿಣ, ಅರ್ಧ ಮುಗಿದ ಮಾಲು ಎರಡಕ್ಕೂ ಹಣ ಕೊಡಬೇಕು. ಎಲ್ಲ ಬಾಕಿ 30 ದಿನದಲ್ಲಿ ತೀರಬೇಕು. ನಮ್ಮ ಡ್ರಾಯಿಂಗು, ಫಿಕ್ಸ್‌ಚರು ನಮಗೆ ವಾಪಸ್ ಬರಬೇಕು, ಹೊಸ ಒಡೆಯರ ಬೇರೆ ಕಾರ್ಖಾನೆಗೆ ಕೊಡುವಂತಿಲ್ಲ.

ಮೊತ್ತವನ್ನು ಮೊದಲೇ ನಿಗದಿ ಮಾಡುವುದಕ್ಕೆ ಕಾರಣವಿದೆ. ನೋಟಿಸು ಕೊಟ್ಟು ಮುಗಿಸಬಹುದಾದ ಕರಾರನ್ನು ‘ಮುಂದುವರಿಸಿ’ ಎಂದು ಕೋರ್ಟು ಸಾಮಾನ್ಯವಾಗಿ ಆದೇಶ ಮಾಡುವುದಿಲ್ಲ, ನಷ್ಟ ಪರಿಹಾರ ಕೊಡಿಸುತ್ತದೆ. ಕರಾರು ಮುರಿದಾಗ ಎಂದು ಬರೆದ ಮೊತ್ತವನ್ನೂ ಕರಾರು ಕಾಯ್ದೆಯ 74ನೇ ಕಲಮಿನ ಪ್ರಕಾರ ಗರಿಷ್ಠ ಮಿತಿಯೆಂದೇ ಹಿಡಿದು, ಅದರೊಳಗೆ ನ್ಯಾಯವಾದಷ್ಟನ್ನು ಕೊಡಿಸುತ್ತದೆ. ಆದ್ದರಿಂದ ಕೋಟಿ ರೂಪಾಯಿ ದಂಡ ಎಂದು ಬರೆದು ಪ್ರಯೋಜನವಿಲ್ಲ. ಮೆಷಿನ್ನಿನ ಕಂತು, ಸಂಬಳ, ಬಾಡಿಗೆ ಕೂಡಿಸಿ, ಲೆಕ್ಕ ತೋರಿಸಬಹುದಾದ ಮೊತ್ತ ಬರೆಯಿರಿ.

2022ರಲ್ಲಿ ಆ ವಾಲ್ವ್ ಕಂಪನಿಯೂ ಮಾರಾಟವಾಯಿತು. ಹದಿಮೂರನೇ ದಿನ ಪತ್ರ ಬಂತು. ನಾಲ್ಕು ತಿಂಗಳ ನಂತರ ಹೊಸಬರು ನಮ್ಮ ಐಟಂಗಳನ್ನು ನಿಲ್ಲಿಸಲು ತೀರ್ಮಾನಿಸಿದರು. ಆದರೆ ಅವರ ವಕೀಲರು ಫೈಲ್ ಓದಿದ್ದರು. ಜಗಳವಿಲ್ಲದೆ ಆರು ತಿಂಗಳ ಆರ್ಡರು ಕೊಟ್ಟರು. ಆ ಆರು ತಿಂಗಳಲ್ಲಿ ನಾನು ಇನ್ನೊಬ್ಬ ಗಿರಾಕಿಯನ್ನು ಹುಡುಕಿಕೊಂಡೆ. ಹನ್ನೊಂದು ಜನರಲ್ಲಿ ಒಬ್ಬರ ಸಂಬಳವೂ ಒಂದು ದಿನ ತಡವಾಗಲಿಲ್ಲ.

ಷರತ್ತು ನಮ್ಮ ಕಡೆಗೂ ತಿರುಗುತ್ತದೆ

ಮರುವರ್ಷ ಮಗಳು ಕೆಲಸಕ್ಕೆ ಸೇರಿದಳು. ನನ್ನ ಹೆಸರಿನಲ್ಲಿದ್ದ ಸಂಸ್ಥೆಯನ್ನು ಪ್ರೈವೇಟ್ ಲಿಮಿಟೆಡ್ ಮಾಡಿ ಅವಳಿಗೆ ಅರ್ಧ ಪಾಲು ಕೊಡೋಣವೆಂದು ಹೊರಟೆವು. ಅವಳು ಹಳೆ ಫೈಲುಗಳನ್ನು ತೆಗೆದು ಓದುತ್ತಾ, “ಅಮ್ಮಾ, ಇಲ್ಲಿ ನೋಡು” ಎಂದು ಕರೆದಳು. ಇನ್ನೊಬ್ಬ ಗಿರಾಕಿಯ ಕರಾರಿನಲ್ಲಿ, ಸರಬರಾಜುದಾರರ ಒಡೆತನ ಬದಲಾಗುವ ಮುಂಚೆ ಲಿಖಿತ ಒಪ್ಪಿಗೆ ಪಡೆಯದಿದ್ದರೆ ಕರಾರು ರದ್ದು ಮಾಡಬಹುದು ಎಂದಿತ್ತು. ಬ್ಯಾಂಕಿನ ಸಾಲ ಮಂಜೂರಾತಿ ಪತ್ರದಲ್ಲೂ, ಸಂಸ್ಥೆಯ ಸ್ವರೂಪ ಬದಲಿಸಲು ಬ್ಯಾಂಕಿನ ಅನುಮತಿ ಬೇಕೆಂಬ ಸಾಲಿತ್ತು. ತಾಯಿ ಮಗಳಿಗೆ ಪಾಲು ಕೊಡುವುದೂ ಕಾನೂನಿಗೆ ಒಡೆತನದ ಬದಲಾವಣೆಯೇ. ಎರಡೂ ಕಡೆ ಪತ್ರ ಬರೆದು ಒಪ್ಪಿಗೆ ತರಿಸಿಕೊಳ್ಳಲು ಏಳು ವಾರ ಹಿಡಿಯಿತು. ಓದದೇ ಮುಂದುವರಿದಿದ್ದರೆ ನಮ್ಮ ತಪ್ಪಿನಿಂದಲೇ ಗಿರಾಕಿ ಕೈತಪ್ಪುತ್ತಿದ್ದ.

ಅದಕ್ಕೇ ಸಹಿ ಹಾಕುವಾಗ ಎರಡು ವಿನಾಯಿತಿ ಕೇಳಿ: ಕುಟುಂಬದೊಳಗೆ ಪಾಲು ಹಂಚಿಕೆಯಾದರೆ, ಒಡೆಯರು ತೀರಿಕೊಂಡು ವಾರಸುದಾರರು ಬಂದರೆ, ಅದನ್ನು ಒಡೆತನದ ಬದಲಾವಣೆ ಎಂದು ಎಣಿಸಬಾರದು. ನ್ಯಾಯವಾದ ಗಿರಾಕಿ ಯಾರೂ ಇದಕ್ಕೆ ಇಲ್ಲ ಎನ್ನುವುದಿಲ್ಲ.

ಪಾಲುದಾರಿಕೆಯಿಂದ ಹೊರಬರುವವರಿಗೆ ಇನ್ನೊಂದು ಮಾತು. ಸಂಸ್ಥೆಯ ಸಾಲಕ್ಕೆ ನೀವು ವೈಯಕ್ತಿಕ ಜಾಮೀನು ಹಾಕಿದ್ದರೆ, ಪಾಲು ಬಿಟ್ಟುಕೊಟ್ಟ ಮಾತ್ರಕ್ಕೆ ಜಾಮೀನು ಬಿಡುಗಡೆಯಾಗುವುದಿಲ್ಲ. ಸಂಸ್ಥೆಯ ಸದಸ್ಯರು ಬದಲಾದರೆ ನಿರಂತರ ಜಾಮೀನು ಮುಂದಿನ ವ್ಯವಹಾರಗಳಿಗೆ ಅನ್ವಯಿಸದು ಎಂದು ಪಾಲುದಾರಿಕೆ ಕಾಯ್ದೆಯ 38ನೇ ಕಲಮು ಹೇಳುತ್ತದೆ, ನಿಜ. ಆದರೆ ಬೇರೆ ಒಪ್ಪಂದ ಇಲ್ಲದಿದ್ದಾಗ ಮಾತ್ರ. ಬ್ಯಾಂಕಿನ ಅಚ್ಚು ಹಾಕಿದ ಜಾಮೀನು ಪತ್ರದಲ್ಲಿ ಆ ‘ಬೇರೆ ಒಪ್ಪಂದ’ ಮೊದಲೇ ಸೇರಿರಬಹುದು. ಬ್ಯಾಂಕಿನಿಂದ ಬಿಡುಗಡೆ ಪತ್ರ ಕೈಗೆ ಬರುವವರೆಗೂ ಪಾಲು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಬೇಡಿ.

ದೊಡ್ಡವರು ಈಗಿಲ್ಲ. ಕೊನೆಯ ಬಾರಿ ಭೇಟಿಯಾದಾಗ, “ನೀವು ಒಂದು ಮಾತು ಕೇಳಿದ್ದರೆ ಆ ಸಾಲು ನಾನೇ ಬರೆಸಿಕೊಡ್ತಿದ್ದೆನಲ್ಲಮ್ಮ” ಎಂದಿದ್ದರು. ಕೇಳಿದ್ದರೆ ಖಂಡಿತ ಬರೆಸಿಕೊಡುತ್ತಿದ್ದರು. ವಿಶ್ವಾಸ ಇರುವಾಗ ಕೇಳುವುದೇ ಸಂಕೋಚ ಎಂದು ನಾನು ಸುಮ್ಮನಿದ್ದೆ. ಒಳ್ಳೆಯ ಷರತ್ತು ಬರೆಸಿಕೊಳ್ಳಲು ವಿಶ್ವಾಸ ಇರುವ ಕಾಲವೇ ಸರಿಯಾದ ಕಾಲ. ಹೊಸಬರು ಬಂದ ಮೇಲೆ ಕೇಳಿದರೆ ಯಾರೂ ಬರೆಸಿಕೊಡುವುದಿಲ್ಲ.

ನಿಮ್ಮದು ಹುಬ್ಬಳ್ಳಿಯ ಫೌಂಡ್ರಿಯಾಗಿರಲಿ, ಇಳಕಲ್ಲಿನ ನೇಕಾರಿಕೆಯಾಗಿರಲಿ, ಹೋಟೆಲುಗಳಿಗೆ ಚಟ್ನಿಪುಡಿ ಮಾಡಿಕೊಡುವ ಮನೆಯಾಗಿರಲಿ, ಇಂದು ರಾತ್ರಿ ನಿಮ್ಮ ಅತಿದೊಡ್ಡ ಗಿರಾಕಿಯ ಫೈಲ್ ತೆಗೆಯಿರಿ. ಕರಾರು ಯಾರ ಹೆಸರಿನಲ್ಲಿದೆ, ಎಷ್ಟು ದಿನದ ನೋಟಿಸಿನಲ್ಲಿ ಅದು ಮುಗಿಯುತ್ತದೆ, ಅವರು ಮಾರಿದರೆ ನಿಮಗೆ ಏನು ಸಿಗುತ್ತದೆ, ಈ ಮೂರನ್ನು ಹುಡುಕಿ. ಮೂರನೆಯದಕ್ಕೆ ಅಲ್ಲಿ ಉತ್ತರ ಇಲ್ಲದಿದ್ದರೆ, ನಾಳೆ ಬೆಳಿಗ್ಗೆ ಹೋಗಿ ಸಂಕೋಚ ಬಿಟ್ಟು ಕೇಳಿ.